‘ಕ್ಯಾನ್ಸರ್ ಅಲ್ಲ’ ಅಂದಮೇಲೂ: ಪಿಟ್ಯುಟರಿ, ಮೆದುಳಿನ ಸಾದಾ ಗಡ್ಡೆ ಇರುವವರಿಗೆ ಕೊಡಗಿನಲ್ಲಿ ತುರ್ತು ತಯಾರಿ

‘ನಮ್ಮ ಮನೆಯವರಿಗೆ ತಲೆಯೊಳಗೆ ಗಡ್ಡೆ ಇದೆ. ಕ್ಯಾನ್ಸರ್ ಅಲ್ಲ ಅಂದಿದ್ದಾರೆ. ರಾತ್ರಿ ಏನಾದರೂ ಆದರೆ ಮೈಸೂರಿಗೆ ಹೊರಡಬೇಕಾ, ಮಂಗಳೂರಿಗಾ?’ ಕೊಡಗಿನ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಎರಡಕ್ಕೂ ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಸುಮಾರು 140. ದಾರಿ ಚೆನ್ನಾಗಿದ್ದರೂ ಮೂರು ಗಂಟೆ ಹಿಡಿಯುತ್ತದೆ. ಕೆಲವು ತೊಂದರೆಗಳಿಗೆ ಮೊದಲ ಅರ್ಧ ಗಂಟೆಯೊಳಗೇ ಒಂದು ಇಂಜೆಕ್ಷನ್ ಬೀಳಬೇಕು. ಮೊದಲು ಇಂಜೆಕ್ಷನ್, ಆಮೇಲೆ ಘಾಟಿ.

ಗಡ್ಡೆ ಇದೆ ಅಂತ ಈಗಾಗಲೇ ಗೊತ್ತಿರುವವರಿಗೆ, ಅವರನ್ನು ನೋಡಿಕೊಳ್ಳುವ ಮನೆಯವರಿಗೆ ಈ ಲೇಖನ. ಡೋಸ್ ವಿಷಯದಲ್ಲಿ ನಿಮ್ಮ ವೈದ್ಯರು ಬರೆದುಕೊಟ್ಟಿದ್ದೇ ಕೊನೆಯ ಮಾತು.

ಮೊದಲು ಸ್ವಲ್ಪ ಹಿನ್ನೆಲೆ

ಸಾದಾ ಗಡ್ಡೆ ಬೇರೆ ಅಂಗಗಳಿಗೆ ಹರಡುವುದಿಲ್ಲ. ಆದರೆ ತಲೆಬುರುಡೆ ಹಿಗ್ಗುವ ಜಾಗವಲ್ಲ. ಒಳಗೆ ಬೆಳೆದದ್ದು ಏನೇ ಇರಲಿ, ಪಕ್ಕದ್ದನ್ನು ಒತ್ತುತ್ತದೆ. ಮೆದುಳಿನ ಹೊದಿಕೆಯಲ್ಲಿ ಬೆಳೆಯುವ ಮೆನಿಂಜಿಯೋಮಾ ಫಿಟ್ಸ್ ತರಬಹುದು. ಮೆದುಳಿನ ನೀರು ಹರಿಯುವ ದಾರಿಗೆ ಅಡ್ಡ ಬಂದ ಗಡ್ಡೆ ಆ ನೀರನ್ನು ಕಟ್ಟಿಹಾಕಬಹುದು.

ಪಿಟ್ಯುಟರಿ ಅಂದರೆ ಮೂಗಿನ ಹಿಂದೆ, ಮೆದುಳಿನ ತಳದಲ್ಲಿರುವ ಗ್ರಂಥಿ. ಬಟಾಣಿ ಕಾಳಿನಷ್ಟು, ಅಷ್ಟೆ. ಥೈರಾಯ್ಡ್, ಅಡ್ರಿನಲ್, ಅಂಡಾಶಯ, ವೃಷಣ ಎಲ್ಲಕ್ಕೂ ಅಪ್ಪಣೆ ಹೋಗುವುದು ಇಲ್ಲಿಂದಲೇ. ಕಣ್ಣಿನ ನರಗಳು ಇದರ ಮೇಲೆಯೇ ಹಾದುಹೋಗುತ್ತವೆ. ಹಾಗಾಗಿ ಇಲ್ಲಿ ಗಡ್ಡೆ ಬೆಳೆದರೆ ಎರಡು ಕಡೆ ಪೆಟ್ಟು: ಒಂದು ಕಣ್ಣಿಗೆ, ಇನ್ನೊಂದು ಹಾರ್ಮೋನಿಗೆ.

ಹಾರ್ಮೋನುಗಳಲ್ಲಿ ಜೀವಕ್ಕೆ ನೇರವಾಗಿ ಸಂಬಂಧಪಟ್ಟದ್ದು ಕಾರ್ಟಿಸೋಲ್. ಜ್ವರ, ಪೆಟ್ಟು, ಆಪರೇಷನ್ ಬಂದಾಗ ದೇಹ ಇದನ್ನು ಜಾಸ್ತಿ ಸುರಿಸಿ ಬಿಪಿ ಮತ್ತು ಸಕ್ಕರೆ ಕುಸಿಯದಂತೆ ಹಿಡಿದಿಡುತ್ತದೆ. ಅದು ಸಾಲದಿದ್ದರೆ ಸಾಮಾನ್ಯ ವಾಂತಿ ಭೇದಿಯೂ ಪ್ರಾಣಕ್ಕೆ ಬರಬಹುದು. ಅದರ ಬದಲಿಗೆ ಕೊಡುವ ಸ್ಟೀರಾಯ್ಡ್ ಔಷಧಿಯೇ ಹೈಡ್ರೋಕಾರ್ಟಿಸೋನ್.

ಹಂತ 1: ಏನೂ ತೊಂದರೆ ಇಲ್ಲದಿರುವಾಗಲೇ ಕಾರ್ಡ್ ಬರೆಸಿ

ಕ್ಯಾನ್ಸರ್ ಅಲ್ಲ ಅಂದ ಕೂಡಲೇ ಫೈಲು ಬೀರು ಸೇರುತ್ತದೆ, ಸೀಡಿ ಎಲ್ಲೋ ಕಳೆದುಹೋಗುತ್ತದೆ. ಇದು ಬೇಡ. ಜೇಬಿನಲ್ಲಿ ಹಿಡಿಯುವ ಒಂದು ಕಾರ್ಡ್ ಮಾಡಿ. ಅದರಲ್ಲಿ ಇಷ್ಟಿರಲಿ:

‘ಹೆಸರು, ವಯಸ್ಸು. ಪಿಟ್ಯುಟರಿ ಗಡ್ಡೆ ಇದೆ (ಅಥವಾ ಆಪರೇಷನ್ ಆಗಿದೆ, ಇಂಥ ತಿಂಗಳು). ಕಾರ್ಟಿಸೋಲ್ ಕೊರತೆ ಇದೆ. ದಿನಾ ಹೈಡ್ರೋಕಾರ್ಟಿಸೋನ್ ಇಷ್ಟು ಮಿಲಿಗ್ರಾಂ. ವಾಂತಿ, ಮಂಪರು, ಬಿಪಿ ಕುಸಿತ ಅಥವಾ ದೊಡ್ಡ ಪೆಟ್ಟಾದರೆ ತಡಮಾಡದೆ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಇಂಜೆಕ್ಷನ್ ಮತ್ತು ಸಲೈನ್ ಕೊಡಿ. ಚಿಕಿತ್ಸೆ ಕೊಡುತ್ತಿರುವ ವೈದ್ಯರ ಫೋನ್.’

ಕೆಳಗೆ ವೈದ್ಯರ ಸಹಿ, ಸೀಲು. ಸೀಲಿಲ್ಲದ ಚೀಟಿಯನ್ನು ನೈಟ್ ಡ್ಯೂಟಿ ವೈದ್ಯರು ಸುಮ್ನೆ ನಂಬುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಮಕ್ಕಳಿಗೆ ಡೋಸ್ ಬೇರೆ ಇರುತ್ತದೆ, ಅದನ್ನು ಬರೆಸಿಕೊಳ್ಳಿ. ಕನ್ನಡದ ಜೊತೆ ಇಂಗ್ಲಿಷಿನಲ್ಲೂ ಇರಲಿ. ವಿರಾಜಪೇಟೆ ಕಡೆಯವರು ಮಾಕುಟ್ಟ ಇಳಿದು ಕಣ್ಣೂರಿಗೆ ಹೋಗುವುದುಂಟು, ಅಲ್ಲಿ ಕನ್ನಡ ಓದುವವರು ಸಿಗಲಿಕ್ಕಿಲ್ಲ.

ಗಡ್ಡೆ ಪಿಟ್ಯುಟರಿಯದ್ದಲ್ಲದಿದ್ದರೆ ಕಾರ್ಡಿನಲ್ಲಿ ಗಡ್ಡೆಯ ಹೆಸರು, ಜಾಗ, ಫಿಟ್ಸ್ ಮಾತ್ರೆ, ಶಂಟ್ ಇದೆಯೋ ಇಲ್ಲವೋ ಬರೆಸಿ. ಶಂಟ್ ಅಂದರೆ ಮೆದುಳಿನ ನೀರನ್ನು ಹೊಟ್ಟೆಗೆ ಹರಿಸುವ ಸಣ್ಣ ಕೊಳವೆ.

ಕಾರ್ಡ್, ಕೊನೆಯ ಎಂಆರ್‌ಐ ವರದಿ, ಡಿಸ್ಚಾರ್ಜ್ ಸಮ್ಮರಿ ಮೂರರ ಫೋಟೋ ಮನೆಯ ಇಬ್ಬರ ಮೊಬೈಲಿನಲ್ಲಿ ಸೇವ್ ಆಗಿರಬೇಕು. ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗುತ್ತದೆ. ಇಂಟರ್ನೆಟ್ಟಿನಿಂದ ತೆಗೆಯುವ ಲಿಂಕ್ ಆಗ ಪ್ರಯೋಜನಕ್ಕೆ ಬರುವುದಿಲ್ಲ.

ಹಂತ 2: ಮಳೆಗಾಲಕ್ಕೆ ಮೊದಲು ಔಷಧಿ, ದಾರಿ ಎರಡೂ ನೋಡಿಕೊಳ್ಳಿ

ಜೂನ್ ಹಿಡಿಯುವ ಮೊದಲು ಕನಿಷ್ಠ ಒಂದು ತಿಂಗಳ ಮಾತ್ರೆ ಹೆಚ್ಚುವರಿ ಇರಲಿ. ಹೈಡ್ರೋಕಾರ್ಟಿಸೋನ್ ಮಾತ್ರೆ, ಮೂತ್ರ ವಿಪರೀತ ಹೋಗುವುದನ್ನು ತಡೆಯುವ ಡೆಸ್ಮೋಪ್ರೆಸಿನ್ ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ. ಮೈಸೂರಿನಿಂದ ಬಸ್ಸಿನಲ್ಲಿ ತರಿಸಿಕೊಳ್ಳುವವರು ರಸ್ತೆ ಬಂದ್ ಆದ ವಾರದಲ್ಲಿ ಏನು ಮಾಡುತ್ತೀರಿ ಅಂತ ಈಗಲೇ ಯೋಚಿಸಿ. ಡೆಸ್ಮೋಪ್ರೆಸಿನ್ ಮೂಗಿನ ಸ್ಪ್ರೇ ಬಳಸುವವರು ಪೆಟ್ಟಿಗೆಯ ಮೇಲೆ ಫ್ರಿಜ್ ಅಂತ ಬರೆದಿದೆಯಾ ನೋಡಿ. ಕರೆಂಟ್ ದಿನಗಟ್ಟಲೆ ಬಾರದ ಊರಾದರೆ ಮಾತ್ರೆಗೆ ಬದಲಾಯಿಸಬಹುದಾ ಅಂತ ವೈದ್ಯರನ್ನು ಕೇಳಿ.

ಇಂಜೆಕ್ಷನ್ ಹೈಡ್ರೋಕಾರ್ಟಿಸೋನ್ ವಯಲ್, ಸಿರಿಂಜ್, ಅದಕ್ಕೆ ಬೇಕಾದ ಸ್ಟೆರೈಲ್ ನೀರು ಮನೆಯಲ್ಲಿ ಇಟ್ಟುಕೊಳ್ಳಬಹುದು. ವೈದ್ಯರಿಂದ ಚೀಟಿ ಬರೆಸಿ. ತೊಡೆಯ ಹೊರಭಾಗದ ಸ್ನಾಯುವಿಗೆ ಹೇಗೆ ಚುಚ್ಚುವುದು ಅಂತ ಮನೆಯ ಒಬ್ಬರಾದರೂ ನರ್ಸ್ ಎದುರು ಮಾಡಿ ಕಲಿಯಿರಿ. ತೋಟದೊಳಗಿನ ಮನೆ, ರಸ್ತೆಗೆ ಬರುವುದಕ್ಕೇ ಅರ್ಧ ಗಂಟೆ ಬೇಕು ಅನ್ನುವವರಿಗೆ ಇದು ಅನುಕೂಲ ಅಲ್ಲ, ಅಗತ್ಯ.

ನಿಮ್ಮ ಹತ್ತಿರದ ಸರ್ಕಾರಿ ಅಥವಾ ಖಾಸಗಿ ಆಸ್ಪತ್ರೆಗೆ ಒಮ್ಮೆ ಹೋಗಿ ಮೂರು ಪ್ರಶ್ನೆ ಕೇಳಿ. ರಾತ್ರಿ ವೈದ್ಯರು ಇರುತ್ತಾರಾ? ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಸ್ಟಾಕ್ ಇದೆಯಾ? ರಾತ್ರಿ ಸಿಟಿ ಸ್ಕ್ಯಾನ್ ಆಗುತ್ತದಾ? ಉಬ್ಬಸಕ್ಕೆ, ಅಲರ್ಜಿಗೆ ಇದೇ ಇಂಜೆಕ್ಷನ್ ಕೊಡುವುದರಿಂದ ಚಿಕ್ಕ ಆಸ್ಪತ್ರೆಯಲ್ಲೂ ಸಾಮಾನ್ಯವಾಗಿ ಇರುತ್ತದೆ. ಆದರೂ ಕೇಳಿಯೇ ನಂಬಿ. ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಬೋಧಕ ಆಸ್ಪತ್ರೆ ಇದೆ. ಗೋಣಿಕೊಪ್ಪ, ಸೋಮವಾರಪೇಟೆ, ಕುಶಾಲನಗರ, ನಾಪೋಕ್ಲು ಕಡೆಯವರು ತಮ್ಮ ಊರಿನಿಂದ ಲೆಕ್ಕ ಹಾಕಿಕೊಳ್ಳಿ.

ದಾರಿ ಎರಡು ಇಟ್ಟುಕೊಳ್ಳಿ. 2018ರ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದು ಮಂಗಳೂರಿನ ಕಡೆಗೆ ಹೋಗುವುದೇ ನಿಂತಿತ್ತು, ನೆನಪಿದೆ ಅಲ್ವಾ. ಪಶ್ಚಿಮದ ಘಾಟಿ ನಂಬಿಕೊಂಡವರು ಮೈಸೂರಿನಲ್ಲೂ ನ್ಯೂರೋಸರ್ಜನ್ ಇರುವ ಒಂದು ಆಸ್ಪತ್ರೆಯ ನಂಬರ್ ಇಟ್ಟುಕೊಂಡಿರಿ.

ಹಂತ 3: ಯಾವ ಲಕ್ಷಣಕ್ಕೆ ಹೊರಡಬೇಕು

ಬೆಳಿಗ್ಗೆ ನೋಡೋಣ ಅನ್ನುವ ಮಾತು ಕೆಳಗಿನವುಗಳಿಗೆ ಇಲ್ಲ.

*ಗಡ್ಡೆಯೊಳಗೆ ರಕ್ತಸ್ರಾವ.* ಇದಕ್ಕೆ ಪಿಟ್ಯುಟರಿ ಅಪೊಪ್ಲೆಕ್ಸಿ ಅನ್ನುತ್ತಾರೆ. ಗಡ್ಡೆಯೊಳಗೆ ರಕ್ತ ಒಸರುತ್ತದೆ, ಇಲ್ಲವೇ ಗಡ್ಡೆಗೆ ಹೋಗುವ ರಕ್ತ ನಿಂತು ಅದು ಊದಿಕೊಳ್ಳುತ್ತದೆ. ಇದ್ದಕ್ಕಿದ್ದಂತೆ ಹಣೆಯಲ್ಲಿ, ಕಣ್ಣಿನ ಹಿಂದೆ ಸಿಡಿಯುವ ತಲೆನೋವು. ವಾಂತಿ. ಕಣ್ಣು ಮಂಜು, ಒಂದು ವಸ್ತು ಎರಡಾಗಿ ಕಾಣುವುದು, ಒಂದು ಕಡೆಯ ರೆಪ್ಪೆ ಜೋತುಬೀಳುವುದು. ಕೆಲವರಿಗೆ ಮಂಪರು. ಗಡ್ಡೆ ಇದೆ ಅಂತ ಗೊತ್ತೇ ಇಲ್ಲದವರಿಗೆ ಇದೇ ಮೊದಲ ಸೂಚನೆ ಆಗುವುದೂ ಉಂಟು.

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ವಾಂತಿ ತಲೆನೋವು ಎರಡೂ ಇದೆ ಅಂತ ಮೈಗ್ರೇನ್ ಅಥವಾ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಮಲಗಿಸುವುದು. ಎರಡು, ಸಾದಾ ಸಿಟಿ ಸ್ಕ್ಯಾನ್ ನಾರ್ಮಲ್ ಬಂತು ಅಂತ ಮನೆಗೆ ಬರುವುದು. ಸಿಟಿಯಲ್ಲಿ ಇದು ತಪ್ಪಿಹೋಗಬಹುದು, ಎಂಆರ್‌ಐ ಬೇಕು. ‘ಡಾಕ್ಟ್ರೇ, ಇವರಿಗೆ ಪಿಟ್ಯುಟರಿ ಗಡ್ಡೆ ಇದೆ, ಇದು ಅಪೊಪ್ಲೆಕ್ಸಿ ಇರಬಹುದಾ?’ ಅಂತ ನೀವೇ ಬಾಯಿಬಿಟ್ಟು ಕೇಳಿ. ನಾಚಿಕೊಳ್ಳಬೇಡಿ. ಕಣ್ಣು ಹೋಗುತ್ತಿದ್ದರೆ ಮೂಗಿನ ಮೂಲಕ ಆಪರೇಷನ್ ಮಾಡಿ ಒತ್ತಡ ಇಳಿಸಬೇಕಾಗುತ್ತದೆ. ಬೇಗ ಮಾಡಿದಷ್ಟು ಕಣ್ಣು ಉಳಿಯುವ ಸಾಧ್ಯತೆ ಹೆಚ್ಚು.

ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು, ಬಿಪಿ ಹಿಡಿತದಲ್ಲಿ ಇಲ್ಲದವರು, ಗರ್ಭಿಣಿಯರು, ಇತ್ತೀಚೆಗೆ ದೊಡ್ಡ ಆಪರೇಷನ್ ಆದವರು ಜಾಸ್ತಿ ಎಚ್ಚರ ಇರಬೇಕು. ಹಾಗಂತ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಆ ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ಹೃದಯದ ವೈದ್ಯರು, ಗಡ್ಡೆಯ ವೈದ್ಯರು ಇಬ್ಬರಿಗೂ ವಿಷಯ ತಿಳಿಸಿ.

*ಕಾರ್ಟಿಸೋಲ್ ಕುಸಿತ.* ತಡೆಯಲಾರದ ಸುಸ್ತು, ವಾಂತಿ, ಹೊಟ್ಟೆನೋವು, ಎದ್ದುನಿಂತರೆ ಕಣ್ಣು ಕತ್ತಲೆ, ಬೆವರು, ಮಾತು ತೊದಲುವುದು. ಇದರ ಹಿಂದೆ ಹೆಚ್ಚಾಗಿ ಒಂದು ಜ್ವರವೋ ಭೇದಿಯೋ ಇರುತ್ತದೆ. ಇಲ್ಲವೇ ಸ್ಟೀರಾಯ್ಡ್ ಒಳ್ಳೆಯದಲ್ಲ ಅಂತ ಯಾರೋ ಹೇಳಿದರೆಂದು ಮಾತ್ರೆ ನಿಲ್ಲಿಸಿದ್ದು ಇರುತ್ತದೆ. ದೇಹವೇ ತಯಾರಿಸದ ಹಾರ್ಮೋನನ್ನು ಮಾತ್ರೆಯಾಗಿ ತೆಗೆದುಕೊಳ್ಳುವುದು ಚಟ ಅಲ್ಲ, ನೆಂಟರಿಗೆ ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿ.

*ಮೆದುಳಿನ ನೀರು ಕಟ್ಟಿಕೊಳ್ಳುವುದು.* ಬೆಳಗ್ಗೆ ಏಳುವಾಗ ಜಾಸ್ತಿ ಇರುವ ತಲೆನೋವು, ವಾಂತಿ, ದಿನೇ ದಿನೇ ಹೆಚ್ಚುವ ಮಂಪರು, ತೂರಾಡುವ ನಡಿಗೆ. ಶಂಟ್ ಇರುವವರಲ್ಲಿ ಇವು ಕಂಡರೆ ಕೊಳವೆ ಕಟ್ಟಿದೆ ಅಂತಲೇ ಹೊರಡಿ. ಜೊತೆಗೆ ಜ್ವರ ಅಥವಾ ಕೊಳವೆ ಹೋಗುವ ಗೆರೆಯಲ್ಲಿ ಚರ್ಮ ಕೆಂಪಾಗಿದ್ದರೆ ಸೋಂಕು ಇರಬಹುದು. ಎಬ್ಬಿಸಿದರೂ ಸರಿಯಾಗಿ ಏಳದವರನ್ನು ‘ರಾತ್ರಿ ನಿದ್ದೆ ಆಗಿಲ್ಲ, ಮಲಗಲಿ’ ಅಂತ ಬಿಡಬೇಡಿ.

*ಫಿಟ್ಸ್.* ಇದಕ್ಕೆ ಮುಂದಿನ ಹಂತದಲ್ಲಿ ಬರುತ್ತೇನೆ.

*ಮೂಗಿನಿಂದ ನೀರು.* ಮೂಗಿನ ಮೂಲಕ ಆಪರೇಷನ್ ಆದವರಿಗೆ ಇದು ಮುಖ್ಯ. ನೆಗಡಿಯ ಸಿಂಬಳ ಅಂಟಂಟು. ಮೆದುಳಿನ ನೀರು ಹಾಗಲ್ಲ, ಬಾವಿ ನೀರಿನಷ್ಟು ತಿಳಿ. ಬಗ್ಗಿದಾಗ ತೊಟ್ಟಿಕ್ಕುತ್ತದೆ, ಗಂಟಲ ಹಿಂದೆ ಇಳಿದರೆ ಉಪ್ಪು ರುಚಿ. ಒಂದು ಶುದ್ಧ ಚಿಕ್ಕ ಬಾಟಲಿಯಲ್ಲಿ ಹಿಡಿದು ಆಸ್ಪತ್ರೆಗೆ ಒಯ್ಯಿರಿ, ಪರೀಕ್ಷೆಗೆ ಅನುಕೂಲ. ಮೂಗಿನಿಂದ ಜೋರಾಗಿ ಊದಿ ಸಿಂಬಳ ತೆಗೆಯಬೇಡಿ, ಹತ್ತಿ ತುರುಕಬೇಡಿ, ಡ್ರಾಪ್ಸ್ ಹಾಕಬೇಡಿ. ಇದರ ಜೊತೆ ಜ್ವರ, ಕುತ್ತಿಗೆ ಬಿಗಿತ ಬಂದರೆ ಮೆದುಳುಜ್ವರದ ಅನುಮಾನ, ಆಗ ಒಂದು ನಿಮಿಷವೂ ಕಾಯಬೇಡಿ. ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್) ಸುರಿಸುವ ಪಿಟ್ಯುಟರಿ ಗಡ್ಡೆಗೆ ಕ್ಯಾಬರ್ಗೋಲಿನ್ ಮಾತ್ರೆ ನುಂಗುವವರಲ್ಲೂ ಗಡ್ಡೆ ಕುಗ್ಗಿದಾಗ ಹೀಗೆ ಸೋರುವುದು ಅಪರೂಪಕ್ಕೆ ಉಂಟು.

ಹಂತ 4: ಆ ಕ್ಷಣ ಮನೆಯಲ್ಲಿ ಏನು ಮಾಡಬೇಕು

108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ತಡ ಅಂದರೆ ಸ್ವಂತ ಗಾಡಿಯಲ್ಲಿ ಹೊರಡಿ. ಆದರೆ ರೋಗಿಯ ಜೊತೆ ಹಿಂದಿನ ಸೀಟಿನಲ್ಲಿ ಒಬ್ಬರು ಇರಲೇಬೇಕು. ಸಿದ್ದಾಪುರ, ತಿತಿಮತಿ ಕಡೆ ರಾತ್ರಿ ಆನೆ ಅಡ್ಡ ಬಂದರೆ ಕಾಯಬೇಕಾದೀತು, ಆಗ ಡ್ರೈವರ್ ಒಬ್ಬನೇ ರೋಗಿಯನ್ನೂ ನೋಡಿಕೊಳ್ಳಲಾರ.

ಕಾರ್ಟಿಸೋಲ್ ಕೊರತೆ ಇರುವವರಿಗೆ:

1. ಎಚ್ಚರ ಇದ್ದು ನುಂಗಲು ಆಗುತ್ತಿದ್ದರೆ ವೈದ್ಯರು ಹೇಳಿದ ಹೆಚ್ಚುವರಿ ಡೋಸ್ ಕೊಡಿ. ಸಾಮಾನ್ಯವಾಗಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ದಿನದ ಡೋಸ್ ಎರಡರಷ್ಟು, 102 ದಾಟಿದರೆ ಮೂರರಷ್ಟು ಅಂತ ಬರೆದುಕೊಡುತ್ತಾರೆ. ಜ್ವರ ಇಳಿದ ಮೇಲೆ ಹಳೆಯ ಡೋಸಿಗೆ ಬರುವುದು ಹೇಗೆ ಅಂತಲೂ ಕೇಳಿಕೊಂಡಿರಿ.

2. ನುಂಗಿ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೊಮ್ಮೆ ಕೊಡಿ. ಅದೂ ಹೊರಬಂದರೆ ಮಾತ್ರೆಯ ಆಟ ಮುಗಿಯಿತು, ಇಂಜೆಕ್ಷನ್ನೇ ಬೇಕು.

3. ಮಂಪರು ಇದ್ದರೆ ಬಾಯಿಗೆ ಏನೂ ಹಾಕಬೇಡಿ. ಮನೆಯಲ್ಲಿ ವಯಲ್ ಇದ್ದು ಕಲಿತಿದ್ದರೆ ತೊಡೆಗೆ ಚುಚ್ಚಿ. ಕೊಡಬೇಕಾ ಬೇಡವಾ ಅಂತ ಅನುಮಾನ ಬಂದರೆ ಕೊಡಿ. ಬೇಡದಿದ್ದಾಗ ಕೊಟ್ಟ ಒಂದು ಡೋಸಿನಿಂದ ಆಗುವ ಹಾನಿ ಇಲ್ಲವೆನ್ನುವಷ್ಟು ಕಡಿಮೆ, ಬೇಕಾದಾಗ ತಪ್ಪಿದರೆ ಪ್ರಾಣಕ್ಕೆ ಅಪಾಯ.

4. ಇಂಜೆಕ್ಷನ್ ಕೊಟ್ಟು ಚೇತರಿಸಿಕೊಂಡರೂ ಆಸ್ಪತ್ರೆಗೆ ಹೋಗಲೇಬೇಕು.

ಫಿಟ್ಸ್ ಬಂದರೆ ಮೊದಲು ಮೊಬೈಲಿನಲ್ಲಿ ಸಮಯ ನೋಡಿ. ಆ ಗಾಬರಿಯಲ್ಲಿ ಎರಡು ನಿಮಿಷ ಇಪ್ಪತ್ತರಂತೆ ಕಾಣುತ್ತದೆ, ವೈದ್ಯರಿಗೆ ಬೇಕಾದ್ದು ನಿಜವಾದ ಲೆಕ್ಕ. ಸುತ್ತಲಿನ ಕತ್ತಿ, ಕಲ್ಲು, ಬಿಸಿನೀರು ಸರಿಸಿ. ತಲೆಯ ಕೆಳಗೆ ಮೆತ್ತನೆಯದ್ದು ಇಡಿ. ಕೈಕಾಲು ಒತ್ತಿ ಹಿಡಿಯಬೇಡಿ. ಅದುರುವುದು ನಿಂತ ಮೇಲೆ ಒಂದು ಮಗ್ಗುಲಿಗೆ ತಿರುಗಿಸಿ, ಜೊಲ್ಲು ಹೊರಗೆ ಹರಿಯಲಿ. ಕಬ್ಬಿಣ ಹಿಡಿಸುವುದು, ಚಪ್ಪಲಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ಇಡುವುದು ಯಾವುದೂ ಬೇಡ. ಫಿಟ್ಸ್ ತಾನಾಗಿ ನಿಲ್ಲುವ ಹೊತ್ತಿಗೆ ಕಬ್ಬಿಣ ಕೈಗೆ ಬಂದಿರುತ್ತದೆ, ಹೆಸರು ಕಬ್ಬಿಣಕ್ಕೆ ಹೋಗುತ್ತದೆ. ಐದು ನಿಮಿಷ ದಾಟಿದರೆ, ಎಚ್ಚರ ಬರುವ ಮೊದಲೇ ಮತ್ತೆ ಬಂದರೆ ಅಥವಾ ಇದೇ ಮೊದಲ ಸಲ ಆಗಿದ್ದರೆ ತುರ್ತು. ವೈದ್ಯರು ಫಿಟ್ಸ್ ನಿಲ್ಲಿಸುವ ಮಿಡಾಜೋಲಮ್ ಮೂಗಿನ ಸ್ಪ್ರೇ ಬರೆದುಕೊಟ್ಟಿದ್ದರೆ ಅವರು ಹೇಳಿದ ಹೊತ್ತಿಗೆ ಬಳಸಿ.

ತಲೆಯೊಳಗಿನ ಒತ್ತಡದ ಅನುಮಾನ ಇರುವವರನ್ನು ತಲೆ ಸ್ವಲ್ಪ ಎತ್ತರಿಸಿ ಮಲಗಿಸಿ. ವಾಂತಿ ಇದ್ದರೆ ಮಗ್ಗುಲಾಗಿ.

ಹಂತ 5: ಕ್ಯಾಶುವಾಲ್ಟಿಯಲ್ಲಿ ಏನು ಹೇಳಬೇಕು

ಕತೆ ಮೊದಲಿನಿಂದ ಶುರುಮಾಡಬೇಡಿ. ಕಾರ್ಡ್ ಕೈಗೆ ಕೊಟ್ಟು ಒಂದೇ ಉಸಿರಿನಲ್ಲಿ ಹೇಳಿ: ‘ಪಿಟ್ಯುಟರಿ ಗಡ್ಡೆ ಇದೆ, ಸ್ಟೀರಾಯ್ಡ್ ಮೇಲೆ ಇದ್ದಾರೆ, ಇಷ್ಟು ಹೊತ್ತಿಗೆ ವಾಂತಿ ಶುರುವಾಯಿತು, ಕೊನೆಯ ಮಾತ್ರೆ ಇಷ್ಟು ಗಂಟೆಗೆ.’

ಅಲ್ಲಿ ಆಗಬೇಕಾದ್ದು ಬಿಪಿ, ಸಕ್ಕರೆ, ಸೋಡಿಯಂ ಮತ್ತು ಪೊಟ್ಯಾಸಿಯಂ ಪರೀಕ್ಷೆ. ಸಾಧ್ಯವಾದರೆ ಇಂಜೆಕ್ಷನ್ನಿಗೆ ಮೊದಲು ಕಾರ್ಟಿಸೋಲ್‌ಗೆ ರಕ್ತ ತೆಗೆದಿಡುತ್ತಾರೆ, ಆದರೆ ಅದರ ವರದಿಗೆ ಕಾಯುವುದಿಲ್ಲ. ಹೈಡ್ರೋಕಾರ್ಟಿಸೋನ್ ಮತ್ತು ಸಲೈನ್ ಶುರುವಾದ ಮೇಲೆ ಮುಂದಿನ ಊರಿನ ಮಾತು. ಆರು ಗಂಟೆಗೊಮ್ಮೆ ಇನ್ನೊಂದು ಡೋಸ್ ಅಥವಾ ಡ್ರಿಪ್ಸಿನಲ್ಲಿ ಸತತವಾಗಿ ಔಷಧಿ ಹೋಗಬೇಕಾಗುತ್ತದೆ. ಹಾಗಾಗಿ ದಾರಿಯಲ್ಲಿ ಏನು ಕೊಡಬೇಕು ಅಂತ ರೆಫರಲ್ ಚೀಟಿಯಲ್ಲೇ ಬರೆಸಿ.

ಇನ್ನೊಂದು ಎಡವಟ್ಟು ಥೈರಾಯ್ಡ್ ವಿಷಯದಲ್ಲಿ ಆಗುತ್ತದೆ. ಪಿಟ್ಯುಟರಿ ರೋಗಿಗೆ ಥೈರಾಯ್ಡ್ ಕಡಿಮೆ ಇದೆ ಅಂತ ಥೈರಾಕ್ಸಿನ್ ಒಂದನ್ನೇ ಶುರುಮಾಡಿದರೆ ಇದ್ದಬದ್ದ ಕಾರ್ಟಿಸೋಲೂ ಬೇಗ ಖರ್ಚಾಗಿ ರೋಗಿ ಕುಸಿಯಬಹುದು. ಕಾರ್ಟಿಸೋಲ್ ಮೊದಲು, ಥೈರಾಕ್ಸಿನ್ ಆಮೇಲೆ. ‘ಕಾರ್ಟಿಸೋಲ್ ನೋಡಿದ್ದೀರಾ ಡಾಕ್ಟ್ರೇ?’ ಅಂತ ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ರೆಫರ್ ಮಾಡುವಾಗ ಮುಂದಿನ ಆಸ್ಪತ್ರೆಗೆ ಫೋನ್ ಮಾಡಿಸಿ. ನ್ಯೂರೋಸರ್ಜನ್ ಇದ್ದಾರಾ, ಎಂಆರ್‌ಐ ಇದೆಯಾ, ಬೆಡ್ ಇದೆಯಾ. ಬೆಂಗಳೂರಿನ ನಿಮ್ಹಾನ್ಸ್ ತುರ್ತು ವಿಭಾಗ ಹಗಲುರಾತ್ರಿ ತೆರೆದಿರುತ್ತದೆ, ಆದರೆ ಬಿಪಿ ಬಿದ್ದ ರೋಗಿಯನ್ನು ಮಡಿಕೇರಿಯಿಂದ ನೇರವಾಗಿ 250 ಕಿಲೋಮೀಟರ್ ಕೂರಿಸಿಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರೇಷನ್ ಕಾರ್ಡ್, ಆಧಾರ್ ಎರಡೂ ಫೈಲಿನಲ್ಲೇ ಇರಲಿ.

ಹಂತ 6: ಆಪರೇಷನ್ ಮುಗಿಸಿ ಮನೆಗೆ ಬಂದ ಮೊದಲ ಎರಡು ವಾರ

ಇಲ್ಲಿ ಜನ ಮೈಮರೆಯುತ್ತಾರೆ. ಆಪರೇಷನ್ ಚೆನ್ನಾಗಿ ಆಯಿತು, ಮನೆಗೆ ಬಂದಾಯಿತು, ನೋಡಲು ನೆಂಟರು ಬಂದರು. ತೊಂದರೆ ಶುರುವಾಗುವುದು ಆ ಹೊತ್ತಿಗೇ.

ಮೊದಲ ಕೆಲವು ದಿನ ಮೂತ್ರ ವಿಪರೀತ ಹೋಗಬಹುದು. ನೀರು ಹಿಡಿದಿಡುವ ಹಾರ್ಮೋನ್ ಕಡಿಮೆಯಾಗಿ ಬರುವ ಸ್ಥಿತಿ ಇದು, ಡಯಾಬಿಟಿಸ್ ಇನ್ಸಿಪಿಡಸ್ ಅನ್ನುತ್ತಾರೆ. ಸಕ್ಕರೆ ಕಾಯಿಲೆಗೂ ಇದಕ್ಕೂ ಸಂಬಂಧ ಇಲ್ಲ. ದಿನಕ್ಕೆ ಮೂರು ಲೀಟರ್ ದಾಟಿದರೆ, ರಾತ್ರಿ ನೀರಿಗಾಗಿ ಪದೇ ಪದೇ ಏಳುತ್ತಿದ್ದರೆ ವೈದ್ಯರಿಗೆ ತಿಳಿಸಿ. ಅಳತೆಯ ಜಗ್ಗಿನಲ್ಲಿ ಅಳೆದು ಗಂಟೆ ಸಮೇತ ಬರೆದಿಡಿ. ಬಣ್ಣ ನೋಡಿ ಅಂದಾಜು ಮಾಡುವುದು ಸಾಲದು. ಕೊಡವರ ಕಕ್ಕಡ ತಿಂಗಳ 18ರಂದು ಮದ್ದು ಸೊಪ್ಪಿನ ಪಾಯಸ ಉಂಡವರಿಗೆ ಮೂತ್ರ ಕೆಂಪಾಗುತ್ತದೆ, ಅವರ ಮನೆಯಲ್ಲಂತೂ ಬಣ್ಣದ ಲೆಕ್ಕಕ್ಕೆ ಅರ್ಥವೇ ಇಲ್ಲ! ಈ ಕಾಯಿಲೆ ಇರುವವರು ನೀರು ಕುಡಿಯಲಾಗದ ಸ್ಥಿತಿಗೆ ಹೋದರೆ ಅದೂ ತುರ್ತೇ.

ಅದು ನಿಂತ ಮೇಲೆ ಉಲ್ಟಾ ಆಗುವುದುಂಟು. ಆಪರೇಷನ್ ಆದ ನಾಲ್ಕರಿಂದ ಹತ್ತನೇ ದಿನದ ನಡುವೆ ರಕ್ತದ ಸೋಡಿಯಂ ಇಳಿಯಬಹುದು. ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಡಿಸ್ಚಾರ್ಜ್ ಆಗಿ ತೋಟದ ಮನೆಗೆ ಬಂದಿರುವ ದಿನಗಳು ಅವು. ಶುರುವಿಗೆ ತಲೆಭಾರ, ಓಕರಿಕೆ, ಊಟ ಬೇಡ ಅನಿಸುವುದು, ಸಿಡಿಮಿಡಿ. ಪ್ರಯಾಣದ ಸುಸ್ತು ಅಂದುಕೊಳ್ಳುತ್ತೀರಿ. ಮನೆಯವರು ಪ್ರೀತಿಯಿಂದ ಇನ್ನಷ್ಟು ನೀರು, ಎಳನೀರು, ಜ್ಯೂಸ್ ಕುಡಿಸುತ್ತಾರೆ. ಸೋಡಿಯಂ ಇನ್ನೂ ಇಳಿಯುತ್ತದೆ. ಮುಂದಿನದ್ದು ಗೊಂದಲ, ಫಿಟ್ಸ್.

ಇದನ್ನು ಹಿಡಿಯುವುದು ಸುಲಭ. ಏಳನೇ ದಿನದ ಸುಮಾರಿಗೆ ಹತ್ತಿರದ ಲ್ಯಾಬಿನಲ್ಲಿ ಸೋಡಿಯಂ ಪರೀಕ್ಷೆ ಮಾಡಿಸಿ ಆಪರೇಷನ್ ಮಾಡಿದ ವೈದ್ಯರಿಗೆ ವಾಟ್ಸಾಪ್ ಮಾಡಿ. 135ರಿಂದ 145 ಸರಿ. 125ರ ಕೆಳಗೆ ಬಂದರೆ ಆಸ್ಪತ್ರೆ ಸೇರಬೇಕು. ಬಾಯಾರಿದಷ್ಟೇ ಕುಡಿಯಿರಿ. ಉಪ್ಪು ಕಲಸಿದ ನೀರು ಕುಡಿಸಿ ಮನೆಯಲ್ಲೇ ಸರಿಮಾಡಲು ಹೋಗಬೇಡಿ, ಸೋಡಿಯಂ ವೇಗವಾಗಿ ಏರಿದರೂ ಮೆದುಳಿಗೆ ಹಾನಿ. ಡೆಸ್ಮೋಪ್ರೆಸಿನ್ ತೆಗೆದುಕೊಳ್ಳುವವರಿಗೆ ಈ ಎಚ್ಚರ ಸದಾ ಬೇಕು.

ಒಂದು ಕಾಲು ಮಾತ್ರ ಊದಿ ನೋಯುವುದು ಅಥವಾ ಇದ್ದಕ್ಕಿದ್ದಂತೆ ಏದುಸಿರು ಬಂದರೆ ರಕ್ತ ಹೆಪ್ಪುಗಟ್ಟಿರಬಹುದು, ಹೊರಡಿ. ಮೆದುಳಿನ ಊತ ಇಳಿಸುವ ಸ್ಟೀರಾಯ್ಡ್ ಡೆಕ್ಸಾಮೆಥಾಸೋನ್ ಕೊಟ್ಟಿದ್ದರೆ ಚೀಟಿಯಲ್ಲಿ ಬರೆದಂತೆ ಇಳಿಸುತ್ತಾ ಬನ್ನಿ, ತಲೆನೋವು ಹೋಯಿತು ಅಂತ ಒಮ್ಮೆಗೇ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆ ಇದ್ದವರಿಗೆ ಇದರಿಂದ ಸಕ್ಕರೆ ಏರುತ್ತದೆ.

ಭಾರ ಎತ್ತುವುದು, ಬಗ್ಗಿ ಕಾಫಿ ಹಣ್ಣು ಆಯುವುದು, ಮಲಬದ್ಧತೆಯಲ್ಲಿ ತಿಣುಕುವುದು ವೈದ್ಯರು ಸರಿ ಅನ್ನುವವರೆಗೆ ಬೇಡ. ಸೀನು ಬಂದರೆ ಬಾಯಿ ತೆರೆದು ಸೀನಿ. ಫಿಟ್ಸ್ ಬಂದವರು ಕರಿಮೆಣಸು ಕೊಯ್ಯಲು ಏಣಿ ಹತ್ತಬಾರದು, ಒಬ್ಬರೇ ಕೆರೆಗೆ ಇಳಿಯಬಾರದು, ವೈದ್ಯರು ಒಪ್ಪುವವರೆಗೆ ಗಾಡಿ ಓಡಿಸಬಾರದು. ಪಕ್ಕದ ನೋಟ ಕಡಿಮೆಯಾದವರೂ ಅಷ್ಟೇ. ಬಾಗಿಲ ಚೌಕಟ್ಟಿಗೆ ಭುಜ ಪದೇ ಪದೇ ತಾಗುತ್ತಿದ್ದರೆ ಕಣ್ಣಿನ ಫೀಲ್ಡ್ ಟೆಸ್ಟ್ ಮಾಡಿಸಿ, ಎರಡೂ ಪಕ್ಕ ಎಷ್ಟು ದೂರ ಕಾಣುತ್ತದೆ ಅಂತ ನೋಡುವ ಪರೀಕ್ಷೆ ಅದು. ಮದುವೆ, ಪುತ್ತರಿ (ಹುತ್ತರಿ) ಹಬ್ಬದ ಗಡಿಬಿಡಿಯಲ್ಲಿ ರಾತ್ರಿಯ ಫಿಟ್ಸ್ ಮಾತ್ರೆ ತಪ್ಪುವುದು, ಅದರ ಮೇಲೆ ಎರಡು ಪೆಗ್ ಸೇರುವುದು ಮಾಮೂಲಿ. ಬ್ಯಾಗಿನಲ್ಲಿ ಒಂದು ಸ್ಟ್ರಿಪ್ ಇಟ್ಟುಕೊಂಡೇ ಹೋಗಿ, ಪೆಗ್ ಬಿಟ್ಟುಬಿಡಿ.

ಡೋಸ್ ಬದಲಾದ ದಿನವೇ ಹೊಸ ಕಾರ್ಡ್ ಬರೆಸಿ, ಹೊಸ ಫೋಟೋ ತೆಗೆದಿಡಿ, ಹಳೆಯ ಕಾರ್ಡ್ ಹರಿದುಹಾಕಿ. ಎರಡು ಕಾರ್ಡ್ ಒಟ್ಟಿಗೆ ಇದ್ದರೆ ಕ್ಯಾಶುವಾಲ್ಟಿಯಲ್ಲಿ ಯಾವುದನ್ನು ನಂಬುವುದು?